ಮೂರನೆಯ ಯಂತ್ರದ ಪಾಲಿಗೆ ಬಂದವರು

ವನಜಕ್ಕ, ಆ ಶಿಬಿರದ ಬುಕಿಂಗ್ ಕೆಟ್ಟದ್ದು ನನ್ನಿಂದ. ನಿಮ್ಮನ್ನು ಕೌಂಟರಿನಿಂದ ಎಬ್ಬಿಸುವ ಮೊದಲೇ ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆರು ವರ್ಷ ಬಾಯಿ ಮುಚ್ಚಿ ಕುಳಿತೆ.

ನೀವು ಪುತ್ತಿಗೆಯ ಸೇವಾ ಕೇಂದ್ರದಲ್ಲಿ ವೈದ್ಯಕೀಯ ಶಿಬಿರಕ್ಕೆ ರೋಗಿಗಳ ಹೆಸರು ನೋಂದಾಯಿಸುತ್ತಿದ್ದಿರಿ. ನಾನು ಹೊಸಂಗಡಿಯ ಬಾಡಿಗೆ ಕೋಣೆಯಲ್ಲಿ ಕುಳಿತು ಆ ಬುಕಿಂಗಿನ ಸರ್ವರುಗಳನ್ನು ನೋಡಿಕೊಳ್ಳುತ್ತಿದ್ದೆ. ನೀವು ಒತ್ತಿದ ಬಟನ್ ಎಲ್ಲಿಗೆ ಹೋಗುತ್ತದೆಂದು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಒಂದೇ ಪ್ರೋಗ್ರಾಮಿನ ಪ್ರತಿಗಳು, ಕಂಟೈನರುಗಳೆಂಬ ಕಟ್ಟುಗಳಲ್ಲಿ, ಮೂರು ಯಂತ್ರಗಳ ಮೇಲೆ ಓಡುತ್ತಿದ್ದವು. ಎದುರಿಗೆ ಲೋಡ್ ಬ್ಯಾಲೆನ್ಸರ್ — ಊಟದ ಪಂಕ್ತಿಯಲ್ಲಿ ಜನರನ್ನು ಕೂರಿಸುವವನ ಹಾಗೆ, ನೀನು ಇಲ್ಲಿ, ನೀನು ಅಲ್ಲಿ ಎಂದು ಹಂಚುವಂಥದ್ದು. ಒಂದು ರೇಷನ್ ಕಾರ್ಡಿನ ನಂಬರು ಯಾವ ಯಂತ್ರಕ್ಕೆ ಹೋಯಿತೋ ಪ್ರತಿ ಸಲವೂ ಅಲ್ಲಿಗೇ ಹೋಗುವಂತೆ ನಾನು ಮಾಡಿಟ್ಟಿದ್ದೆ. ಶಿಬಿರಕ್ಕೆಂದು ಮೂರನೆಯ ಯಂತ್ರವನ್ನು ಹೊಸದಾಗಿ ಸೇರಿಸಿದವನು, ಅಲ್ಲಿಂದ ದಾಖಲೆಗಳ ಕಡೆಗೆ ಹೋಗುವ ದಾರಿಯನ್ನು ತೆರೆಯಲು ಮರೆತೆ. ಅದರ ಪಾಲಿಗೆ ಬಂದ ಹೆಸರು ಎಷ್ಟು ಸಲ ಒತ್ತಿದರೂ ದಾಖಲಾಗುತ್ತಿರಲಿಲ್ಲ.

ಮರೆವು ಯಾರಿಗಾದರೂ ಆಗುತ್ತದೆ. ಆದರೆ ಯಂತ್ರ ಕೆಟ್ಟದ್ದು ತಿಳಿಯಲೆಂದೇ ಒಂದು ತಪಾಸಣೆ ಇರುತ್ತದೆ — ಅದು ಆಗಾಗ ಸುಮ್ಮನೆ ಎಚ್ಚರಿಸಿ ತಲೆ ತಿನ್ನುತ್ತದೆಂದು ರೇಗಿ ನಾನೇ ಅದನ್ನು ಮೊಟಕು ಮಾಡಿದ್ದೆ. ಕೆಲಸ ಆಗುತ್ತಿದೆಯೇ ಎಂದು ಕೇಳಬೇಕಾದದ್ದು, ಇದ್ದೀಯಾ ಎಂದಷ್ಟೇ ಕೇಳುತ್ತಿತ್ತು. ಮೂರನೆಯದು ಇದ್ದೇನೆ ಎನ್ನುತ್ತಿತ್ತು.

ಕೆಲವರದು ಆಗುತ್ತದೆ, ಕೆಲವರದು ಆಗುವುದಿಲ್ಲ ಎಂದು ನೀವು ಫೋನು ಮಾಡಿದಿರಿ. ನಾನು ನನ್ನದೇ ಕಾರ್ಡ್ ಹಾಕಿ ನೋಡಿದೆ, ಆಯಿತು. ನಿಮ್ಮ ಕಡೆಯ ನೆಟ್ ಸರಿಯಿಲ್ಲ ಎಂದುಬಿಟ್ಟೆ. ಪೂರ್ತಿ ಕೆಟ್ಟಿದ್ದರೆ ನಿಮ್ಮನ್ನು ಯಾರೂ ದೂರುತ್ತಿರಲಿಲ್ಲ. ಅರೆಬರೆ ಕೆಟ್ಟಿತು ನೋಡಿ — ನೆರೆಮನೆಯವರದು ಆಯಿತು, ನಮ್ಮದು ಯಾಕಿಲ್ಲ ಎಂದು ಶುರುವಾಯಿತು. ನೀವು ತುಳು ಮಾತಾಡುವವರದನ್ನು ಮಾತ್ರ ಒತ್ತುತ್ತೀರಿ ಎಂದರು ಕೆಲವರು. ಎಣ್ಮಕಜೆಯಿಂದ ಬಸ್ಸು ಬದಲಿಸಿ ಬರುತ್ತಿದ್ದ ತಾಯಿಯೊಬ್ಬರು, ಹಾಸಿಗೆ ಹಿಡಿದ ಮಗಳ ಹೆಸರು ಬರೆಸಲು ಮೂರು ದಿನ ನಿಮ್ಮೆದುರು ನಿಂತರು. ನಾಲ್ಕನೆಯ ದಿನ ಜಾಗವೆಲ್ಲ ತುಂಬಿತ್ತು.

ಅದರ ಮರುದಿನ ನೀವೇ ನನ್ನ ಕೋಣೆಗೆ ಬಂದಿರಿ. ಕ್ಯಾಲೆಂಡರಿನ ಹಾಳೆಯೊಂದರ ಹಿಂದೆ, ಆಗದವರ ನಂಬರುಗಳನ್ನೆಲ್ಲ ಬರೆದು ತಂದಿದ್ದಿರಿ. “ಯಾರದು ಆಗುವುದಿಲ್ಲವೋ, ಅವರದು ಎಷ್ಟು ಸಲ ಒತ್ತಿದರೂ ಆಗುವುದಿಲ್ಲ ಮಾರಾಯ. ಇದರಲ್ಲಿ ಎಂತದೋ ಉಂಟು,” ಎಂದಿರಿ. ನಾನು ಮಾಡಬೇಕಾಗಿದ್ದ ಪತ್ತೆ ಕೆಲಸವನ್ನು ನೀವು ಮಾಡಿ ಮುಗಿಸಿದ್ದಿರಿ. ಐದಾರು ನಂಬರು ಹಾಕಿ ನೋಡಿದೆ — ಎಲ್ಲವೂ ಮೂರನೆಯದಕ್ಕೇ. ನೀವು ಎದುರಿಗೇ ಕುಳಿತಿದ್ದಿರಿ.

“ಇದರಿಂದ ಎಂತದೂ ಗೊತ್ತಾಗುವುದಿಲ್ಲ, ವನಜಕ್ಕ,” ಎಂದೆ.

ನೀವು ಮೆಟ್ಟಿಲಿಳಿದ ಮೇಲೆ ಮೂರನೆಯ ಯಂತ್ರದ ದಾರಿ ತೆರೆದೆ. ಎರಡು ನಿಮಿಷದ ಕೆಲಸ. ಶಿಬಿರದ ಸಮಿತಿಯವರು ವಿಚಾರಿಸಿದಾಗ, ನಮ್ಮ ವ್ಯವಸ್ಥೆಯಲ್ಲಿ ದೋಷವಿರಲಿಲ್ಲ ಎಂದು ಬರೆದುಕೊಟ್ಟೆ. ಹೆದರಿದ್ದೆ, ಅಷ್ಟೆ. ಆ ಒಂದು ಸಾಲನ್ನು ಹಿಡಿದು, ತಪ್ಪು ನಿಮ್ಮದೇ ಎಂದು ನಿಮ್ಮನ್ನು ಕೆಲಸದಿಂದ ತೆಗೆದರು.

ಕಳೆದ ತಿಂಗಳು ಹೊಸಂಗಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ನೀವೇ ಗುರುತು ಹಿಡಿದು ಮಾತನಾಡಿಸಿದಿರಿ. ನನ್ನ ಅಮ್ಮನ ಮಂಡಿನೋವು ಹೇಗಿದೆ ಎಂದು ವಿಚಾರಿಸಿದಿರಿ. ಆಮೇಲೆ, ನಾನು ಕೇಳದೆಯೇ, ಹೇಳಿದಿರಿ: “ನನ್ನ ಕೈಯಿಂದಲೇ ಎಂತದೋ ತಪ್ಪಾದದ್ದು ಕಾಣ್ತದೆ. ಮೊನ್ನೆ ಎಣ್ಮಕಜೆಗೆ ಹೋಗಿ ಆ ಹುಡುಗಿಯ ಅಮ್ಮನ ಹತ್ರ ತಪ್ಪಾಯ್ತು ಅಂತ ಹೇಳಿ ಬಂದೆ.”

ಆಗಲಾದರೂ ಹೇಳಬಹುದಿತ್ತು — ನಿಮ್ಮ ಬಸ್ಸು ಬರುವವರೆಗೆ ಹತ್ತು ನಿಮಿಷವಾದರೂ ಇತ್ತು. ಒಳ್ಳೆಯದಾಯಿತು ಎಂದೆ. ಎಂಥ ಮಾತು! ಆ ಮಗಳು ಹೇಗಿದ್ದಾಳೆಂದು ಕೇಳುವ ಧೈರ್ಯವೂ ಬರಲಿಲ್ಲ.

ಈ ಕಾಗದದ ಒಂದು ಪ್ರತಿ ಸಮಿತಿಗೆ ಹೋಗುತ್ತದೆ, ನನ್ನ ಸಹಿಯೊಂದಿಗೆ. ಇನ್ನೊಂದನ್ನು ಪುತ್ತಿಗೆಯ ಆ ಕೌಂಟರಿನ ಮುಂದೆ, ಜನ ಸೇರುವ ಹೊತ್ತಿಗೆ, ನಾನೇ ನಿಂತು ಓದುತ್ತೇನೆ. ಅಲ್ಲಿಂದ ಎಣ್ಮಕಜೆಗೆ ಹೋಗುತ್ತೇನೆ. ಆ ಮನೆಯಲ್ಲಿ ತಪ್ಪಾಯಿತು ಎಂದು ಒಬ್ಬರು ಆಗಲೇ ಹೇಳಿ ಬಂದಿದ್ದಾರೆ — ಅವರದಲ್ಲ ಆ ತಪ್ಪು ಎಂದು ಮೊದಲು ಹೇಳಬೇಕು.