ಬಂಪರ್ ಕೆಳಗೆ ಕಾಲು

“ಎಲ್ಲಿ, ನಿಮ್ ಕಾಲು ಇದರ ಕೆಳಗ ಇಡ್ರಿ ನೋಡೂಣು,” ಎಂದರು ವೆಲ್ಡರ್ ಮಲ್ಲಪ್ಪ ಕಾಕಾ.

ಮುಂಬಯಿಯ ಬೈಕುಲ್ಲಾದ ಅವರ ಗ್ಯಾರೇಜಿನಲ್ಲಿ ನನ್ನ ಎಸ್‌ಯುವಿಯ ಹೊಸ ಬಂಪರ್ ಸರಪಳಿಯಿಂದ ಮೊಣಕಾಲೆತ್ತರಕ್ಕೆ ತೂಗುತ್ತಿತ್ತು. ಬಿಡಿ ಉಕ್ಕಿನ ಪ್ಲೇಟುಗಳನ್ನು ತರಿಸಿ, ವಿಡಿಯೊ ನೋಡಿ, ಎರಡು ಭಾನುವಾರ ಕೂತು ನಾನೇ ವೆಲ್ಡ್ ಮಾಡಿದ್ದೆ. ಸಯನ್‌ ರಸ್ತೆಯ ಹೊಂಡಗಳ ಹೊರತು ಯಾವ ಕಾಡುಮೇಡೂ ಕಾಣದ ಗಾಡಿಗೆ ಈ ಕವಚ!

ನಾನು ಕಾಲಿಡಲಿಲ್ಲ.

“ನಿಮ್ ವೆಲ್ಡಿಂಗ್ ಮ್ಯಾಲ ನಿಮಗ ಭರೋಸಾ ಇಲ್ಲ. ರಸ್ತೇದಾಗ ಹೋಗೋ ಮಂದಿ ಏನ್ ಪಾಪ ಮಾಡ್ಯಾರ್ರಿ, ಸಾಹೇಬ್ರ?” ಎನ್ನುತ್ತಾ ಸುತ್ತಿಗೆಯಿಂದ ಒಂದೇ ಏಟು ಹಾಕಿದರು. ಸರಪಳಿ ಸಿಕ್ಕಿಸಿದ್ದ, ನಾನು ಬೆಸೆದ ಪಟ್ಟಿ ಕಿತ್ತುಬಂದು ಸರಪಳಿಯಲ್ಲೇ ಉಳಿಯಿತು, ಬಂಪರ್ ದಢಾರನೆ ನೆಲಕ್ಕೆ ಬಿತ್ತು. ನಾನು ಸುಮ್ಮನೆ ನಿಂತಿದ್ದೆ ಎಂದು ನನ್ನ ನೆನಪು. ಕಿರುಚಿಕೊಂಡೆ ಎನ್ನುತ್ತಾರೆ ಕಾಕಾ. ನನಗಿಂತ ಅವರನ್ನೇ ನಂಬುವುದು ಲೇಸು.

ನನ್ನ ವೆಲ್ಡಿಂಗನ್ನೆಲ್ಲ ಉಜ್ಜಿ ತೆಗೆದು ಅವರೇ ಮತ್ತೆ ಬೆಸೆದರು. ಮತ್ತೆ ತೂಗುಹಾಕಿ, ಚಪ್ಪಲಿ ತೊಟ್ಟ ತಮ್ಮ ಕಾಲನ್ನು ಕೆಳಗಿಟ್ಟು, ಹತ್ತು ಏಟು ಬಡಿದರು. ಬಂಪರ್ ಅಲುಗಲಿಲ್ಲ. ಆಮೇಲೆಯೇ ಅದನ್ನು ಗಾಡಿಗೆ ಕೂರಿಸಿದ್ದು.

ಈಗ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಯಾರಾದರೂ ಬಂಪರ್ ಹೊಗಳಿದರೆ, “ನಾನೇ ಮಾಡಿದ್ದು” ಎನ್ನುತ್ತೇನೆ. ಹಾಗೆನ್ನುವಾಗಲೆಲ್ಲ ಬೂಟಿನೊಳಗೆ ಕಾಲ್ಬೆರಳುಗಳು ತಾವಾಗಿಯೇ ಮುದುಡಿಕೊಳ್ಳುತ್ತವೆ.