ಹುಳ ಮನೆಯಲ್ಲಿರುವಾಗ ಎಣ್ಣೆ ಕಾಯಿಸಬಾರದು

ಜಂಗಮಕೋಟೆಯ ವೆಂಕಟರವಣಪ್ಪ ಡಾಕ್ಟರ ಮಾತು ಕೇಳುವ ಆಸಾಮಿಯೇ ಅಲ್ಲ. ಹಿಪ್ಪುನೇರಳೆ ತೋಟದಲ್ಲಿ ಎದೆ ಹಿಡಿದುಕೊಂಡು ಕುಸಿದು, ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದ ಮನುಷ್ಯ. ಕರಿದದ್ದು ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದೇ ಹೇಳಿದ್ದು, ಕೈ ಮುಗಿಯುವುದೊಂದು ಬಾಕಿ. ಮನೆಗೆ ಬಂದು ವಾರವಾಗಿಲ್ಲ, "ಅಮ್ಮಾಜೀ, ಒಂದೀಟು ಆಲೂಗಡ್ಡೆ ಚಿಪ್ಸ್ ಕರಿಯೇ, ಬಾಯೆಲ್ಲ ಸಪ್ಪಗೈತೆ" ಎಂದ!

ಹೆಂಡತಿ ಅಮ್ಮಾಜಮ್ಮನ ಜೀವ ಬಾಯಿಗೆ ಬಂತು. ತೋಟದಲ್ಲಿ ಗಂಡನ ಮುಖ ಬೂದಿ ಬಣ್ಣಕ್ಕೆ ತಿರುಗಿದ್ದನ್ನು ಕಂಡವಳು ಅವಳೇ. ಇನ್ನೊಂದು ಸಲ ಅದನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ. ಆದರೆ ಬೇಡವೆಂದರೆ ಜಗಳ, ಅತ್ತರೆ "ನಾನೇನು ಸತ್ತೋದ್ನಾ?" ಎಂಬ ಗದರಿಕೆ. ಅಂಗಡಿಯದು ಅವನಿಗೆ ಮೊದಲಿಂದಲೂ ಹಿಡಿಸದು, ಅದೊಂದು ಪುಣ್ಯ. ಮನೆಯ ಕಡಲೆಕಾಯಿ ಎಣ್ಣೆಯಲ್ಲಿ, ಹೆಂಡತಿಯ ಕೈಯಲ್ಲೇ ಕರಿದದ್ದಾಗಬೇಕು.

ಆಗ ಅವಳನ್ನು ಕಾಪಾಡಿದ್ದು ಮನೆಯಲ್ಲಿ ಸಾಕಿದ್ದ ರೇಷ್ಮೆ ಹುಳ. ಹುಳ ಮನೆಯಲ್ಲಿರುವಾಗ ಎಣ್ಣೆ ಕಾಯಿಸಬಾರದು, ಆ ಘಾಟಿಗೆ ಹುಳ ಮೇವು ಬಿಡುತ್ತದೆ ಎಂಬುದು ವೆಂಕಟರವಣಪ್ಪನಿಗೆ ಅವರಪ್ಪನ ಕಾಲದಿಂದ ಬಂದ ಕಟ್ಟಳೆ. "ಹುಳ ಐತಲ್ಲಪ್ಪ ಮನೇಲಿ" ಎಂದಳು ಅಮ್ಮಾಜಮ್ಮ. ಅವನು ತೆಪ್ಪಗಾದ. ಡಾಕ್ಟರಿಗಿಲ್ಲದ ಮರ್ಯಾದೆ ಹುಳಕ್ಕೆ! ಎಂಥಾ ಗಂಡಸಪ್ಪ!

ಹಾಗಂತ ಗಂಡನಿಗೆ ಬರೀ ಸಪ್ಪೆ ಇಕ್ಕಿ ಕೂರಿಸುವ ಹೆಂಗಸಲ್ಲ ಅವಳು. ಚಿಂತಾಮಣಿಯಲ್ಲಿರುವ ಮಗಳು ರಂಜನಿ ಕೇಕ್ ಮಾಡಲೆಂದು ತಂದುಕೊಟ್ಟ ಓವನ್ನು ಅಟ್ಟದ ಮೇಲೆ ದೂಳು ತಿನ್ನುತ್ತಿತ್ತು. ಅದನ್ನು ಇಳಿಸಿದಳು. ಮೊದಲ ಸಲದ ಚಿಪ್ಸು ಅರ್ಧ ಇದ್ದಿಲು, ಅರ್ಧ ಚಕ್ಕಳ. ಎಮ್ಮೆ ಕೂಡ ಮೂಸಿ ಮುಖ ತಿರುಗಿಸಿತು. ಬರಬರುತ್ತಾ ಕೈ ಕುದುರಿತು. ಆಲೂಗಡ್ಡೆಯನ್ನು ಹಾಳೆಯಷ್ಟು ತೆಳ್ಳಗೆ ಹೆಚ್ಚಿ, ತಣ್ಣೀರಲ್ಲಿ ನೆನೆಹಾಕಿ ಗಂಜಿ ಬಿಡಿಸಿ, ಹಳೇ ಪಂಚೆಯ ಮೇಲೆ ಹರಡಿ ನೀರಿನ ಪಸೆಯಿಲ್ಲದಂತೆ ಒತ್ತಬೇಕು. ಒಂದೇ ಒಂದು ಚಮಚ ಎಣ್ಣೆಯನ್ನು ಬೆರಳಲ್ಲಿ ಸವರಿ, ತಟ್ಟೆಯಲ್ಲಿ ಹುಳ ಹರಡಿದಂತೆ ಒಂದರ ಮೇಲೊಂದು ಬೀಳದ ಹಾಗೆ ಜೋಡಿಸಬೇಕು. ನಡುವೆ ಒಮ್ಮೆ ಮಗುಚಿ, ಕಡೆಗೆ ಖಾರದಪುಡಿ, ಚಿಟಿಕೆ ಉಪ್ಪು. "ಕರಿದಂಗಿಲ್ಲ ಬಿಡು" ಎಂದು ಗೊಣಗುತ್ತಲೇ ವೆಂಕಟರವಣಪ್ಪ ಬಟ್ಟಲು ಬರಿದು ಮಾಡಿದ.

ಅಷ್ಟರಲ್ಲಿ ರೇಷ್ಮೆ ಬೆಳೆ ಮುಗಿದು, ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಯಿತು. ಹುಳಮನೆ ಖಾಲಿ. ಇನ್ನು ಬಾಣಲೆ ಇಡು ಎನ್ನುತ್ತಾನಲ್ಲ ಎಂದು ಅಮ್ಮಾಜಮ್ಮನಿಗೆ ನಿದ್ದೆ ಹತ್ತಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಿಂದಿನ ಕೋಣೆಯಲ್ಲಿ ಹಳೆಯ ಬಿದಿರು ತಟ್ಟೆಯೊಂದನ್ನಿಟ್ಟು, ಮೇಲೆ ಒದ್ದೆ ಬಟ್ಟೆ ಹೊದಿಸಿದಳು. ಒಳಗೆ ಹುಳವೂ ಇಲ್ಲ, ಮಣ್ಣೂ ಇಲ್ಲ.

"ಚಾಕಿ ಸೆಂಟರ್ನೋರು ಒಂದಿಡಿ ಮರಿ ಹುಳ ಕೊಟ್ರು, ಸಾಕ್ತಾ ಇದೀನಿ. ನೀನು ಆ ಕಡೆ ಹೋಗ್ಬೇಡ" ಎಂದಳು.

ಅವನು ಅವಳ ಮುಖವನ್ನೇ ನೋಡಿದ. "ಹಂಗಾದ್ರೆ ಓವನ್ನಲ್ಲೇ ಮಾಡು" ಎಂದ.

ಅವಳು ಗೆದ್ದಳು, ನಿಜ. ಆದರೆ ಅನ್ನ ಕೊಟ್ಟ ಹುಳದ ಹೆಸರಲ್ಲಿ ಸುಳ್ಳು ಹೇಳಿದೆನಲ್ಲ ಎಂದು ಒಳಗೊಳಗೇ ಕುಟುಕುತ್ತಿತ್ತು. ದಿನಾ ಕೋಣೆಗೆ ಹೋಗಿ ಸುಮ್ಮನೆ ನಿಂತು ಬರುತ್ತಿದ್ದಳು.

ಒಂದು ದಿನ ಮೊಮ್ಮಗಳಿಗೆ ಜ್ವರವೆಂದು ಚಿಂತಾಮಣಿಗೆ ಓಡಿದಳು. ಮರುದಿನ ಬಸ್ಸಿನಲ್ಲಿ ವಾಪಸು ಬರುವಾಗ ತಟ್ಟನೆ ಹೊಳೆಯಿತು. ಅಯ್ಯೋ ನನ್ನ ಬುದ್ಧಿಗಿಷ್ಟು! ಹುಳ ಇಟ್ಟವರು ಮೇವಿನ ಮಾತೇ ಎತ್ತದೆ ಊರಿಗೆ ಹೋಗುವುದುಂಟೇ? ಅವನು ಬಟ್ಟೆ ಎತ್ತಿ ನೋಡಿರುತ್ತಾನೆ. ಮನೆಗೆ ಹೋದೊಡನೆ ಬಾಣಲೆ ಇಡು ಎನ್ನುತ್ತಾನೆ.

ವೆಂಕಟರವಣಪ್ಪ ಜಗಲಿಯ ಮೇಲೆ ಕೂತಿದ್ದ. "ಬಂದ್ಯಾ? ಹುಳಕ್ಕೆ ಸೊಪ್ಪು ಹಾಕಿದೀನಿ" ಎಂದ.

ಅವಳು ಒಳಗೆ ಓಡಿ ಬಟ್ಟೆ ಎತ್ತಿದಳು. ಖಾಲಿ ತಟ್ಟೆಯ ತುಂಬ ಹಿಪ್ಪುನೇರಳೆಯ ಎಳೆಯ ಸೊಪ್ಪು. ಮರಿ ಹುಳಕ್ಕೆ ಹಾಕುವಂತೆಯೇ ಸಣ್ಣಗೆ ಹೆಚ್ಚಿ ಹರಡಿದ್ದ. ಅಲ್ಲೇ ಕೂತು ಅತ್ತುಬಿಟ್ಟಳು.

"ಯಾವಾಗ್ನಿಂದ ಗೊತ್ತು ನಿಂಗೆ?" ಬಾಗಿಲಿಗೆ ಬಂದು ನಿಂತವನನ್ನು ಕೇಳಿದಳು.

"ಮೊದಲ್ನೇ ದಿನಾನೇ. ಹುಳದ ವಾಸ್ನೆ ಇಲ್ಲಾಂತ ಗೊತ್ತಾಗ್ದಿರಕ್ಕೆ ನಾನೇನು ಪ್ಯಾಟೆಯೋನಾ?"

"ಮತ್ತೆ ಸೊಪ್ಪು ಯಾಕಾಕ್ದೆ?"

ಅವನು ಎಲ್ಲೋ ನೋಡಿದ. "ಮೇವಿಲ್ದೆ ಹುಳ ಸತ್ತೋದ್ರೆ ನೀನು ಬಾಣಲೆ ಇಡ್ಬೇಕಾಯ್ತದಲ್ಲ. ನಂಗೂ ಭಯ ಐತೆ ಕಣೇ."

ಅಮ್ಮಾಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿ, ತಟ್ಟೆಯ ಮೇಲೆ ಮತ್ತೆ ಹೊದಿಸಿದಳು.

"ಸಾಯಂಕಾಲದ ಸೊಪ್ಪು ನಾನು ಹಾಕ್ತೀನಿ. ನಡಿ, ಆಲೂಗಡ್ಡೆ ಹೆಚ್ಚಿಕೊಡು" ಎಂದಳು.