ಗಂಜಿಯಕ್ಕನ ಒದ್ದೆ ಚಾದರ

ಆಸ್ಪತ್ರೆಯ ಹಿಂದಿನ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷದಿಂದ ಬಟ್ಟೆ ಒಗೆಯುತ್ತಿದ್ದವಳನ್ನು ಎಲ್ಲರೂ ಗಂಜಿಯಕ್ಕ ಎಂದೇ ಕರೆಯುತ್ತಿದ್ದರು. ಅವಳು ಗಂಜಿ ಹಾಕಿದ ಕೋಟು ಎಷ್ಟು ಸೆಟೆದು ನಿಲ್ಲುತ್ತಿತ್ತೆಂದರೆ, ಡಾಕ್ಟರು ರಜೆ ಹಾಕಿದ ದಿನ ಕೋಟೊಂದೇ ಹೋಗಿ ವಾರ್ಡು ಸುತ್ತಿ ಬಂದಿತಂತೆ. ರೋಗಿಗಳಿಗೆ ವ್ಯತ್ಯಾಸವೇ ತಿಳಿಯಲಿಲ್ಲವಂತೆ. ಅವಳಿಗೆ ಸಿಟ್ಟು ಬಂದರೆ ಹಂಡೆಯ ನೀರು ಒಲೆಯಿಲ್ಲದೆ ಕುದಿಯುತ್ತದೆ ಎಂದು ಅಲ್ಲೇ ಇಸ್ತ್ರಿ ಮಾಡುವ ಅವಳ ಗಂಡ ಹೇಳುತ್ತಿದ್ದ. ಅವಳಿಲ್ಲದಾಗ.

ಇಂಥವಳ ಕಾಲದಲ್ಲಿ ಆಕಾಶದಿಂದ ಆ ಕಲ್ಲು ಬಿತ್ತು. ಬೆಟ್ಟದಷ್ಟು ದೊಡ್ಡ ಕಲ್ಲು, ಬಿದ್ದದ್ದು ಭೂಮಿಯ ಆಚೆ ಮಗ್ಗುಲಿಗೆ. ಇಲ್ಲಿ ನೆಲ ನಡುಗಿ ಬಕೆಟ್ಟುಗಳು ತಾವಾಗಿ ನಡೆದಾಡಿದವು, ಅಷ್ಟೆ. ಆದರೆ ಅಲ್ಲಿ ಎದ್ದ ದೂಳು, ಸುಟ್ಟ ಕಾಡುಗಳ ಮಸಿ ಕೆಲವೇ ವಾರಗಳಲ್ಲಿ ಇಲ್ಲಿನ ಆಕಾಶವನ್ನೂ ಮುಚ್ಚಿತು. ಹದಿನಾಲ್ಕು ತಿಂಗಳು ಸೂರ್ಯನ ಸುಳಿವಿಲ್ಲ. ನಡುಮಧ್ಯಾಹ್ನಕ್ಕೂ ಮುಸ್ಸಂಜೆಯ ಬಣ್ಣ. ಪೈರು ಸತ್ತು ಜನ ಉಗ್ರಾಣದ ಹಳೆ ಕಾಳು, ನೆಲಮಾಳಿಗೆಯ ಅಣಬೆ ತಿಂದು ಬದುಕಿದರು. ಊರಿನಲ್ಲಿ ಒಬ್ಬನಿಗೂ ನೆರಳಿರಲಿಲ್ಲ.

ಗಂಜಿಯಕ್ಕನಿಗೆ ಹೊಟ್ಟೆಯದ್ದಕ್ಕಿಂತ ಅಂಗಳದಲ್ಲಿ ಬಟ್ಟೆ ಒಣಹಾಕುವ ಹಗ್ಗದ ಚಿಂತೆ. ಹಬೆ ಕೋಣೆಯಲ್ಲಿ ದಿನಕ್ಕೆ ಹತ್ತು ಚಾದರ ಒಣಗಿದರೆ ಹೆಚ್ಚು. ಉಳಿದದ್ದೆಲ್ಲ ಹಸಿಹಸಿಯಾಗೇ ವಾರ್ಡಿಗೆ. ಚಳಿಯಲ್ಲಿ ಮಕ್ಕಳು ಆ ಚಾದರದ ಮೇಲೆ ಕೆಮ್ಮುತ್ತಾ ಮಲಗುತ್ತಿದ್ದವು. ಕೆಲವು ಮತ್ತೆ ಏಳುತ್ತಿರಲಿಲ್ಲ. ಆ ಚಾದರಗಳೂ ಅವಳ ಹಂಡೆಗೇ ಬರುತ್ತಿದ್ದವು.

ಹೀಗಿರುವಾಗ ಆಸ್ಪತ್ರೆಯ ಆಡಳಿತಾಧಿಕಾರಿ ಬಂದ.

"ನೋಡಮ್ಮ, ಈ ಅಂಗಳ ಕೊಟ್ಟಿರೋದು ಬಿಸಿಲಲ್ಲಿ ಬಟ್ಟೆ ಒಣಗಿಸೋಕೆ. ಬಿಸಿಲೇ ಇಲ್ಲ. ಕಲ್ಲಿದ್ದಲು ಸುರಿಯೋಕೆ ಜಾಗ ಬೇಕು."

"ಕಲ್ಲಿದ್ದಲು ಸುರಿದ್ಮೇಲೆ ಇಲ್ಲಿ ಬಿಳಿ ಬಟ್ಟೆ ಒಣಗುತ್ತಾ? ನಿಮ್ಮ ಬಂಗಲೆ ಹೂದೋಟದಲ್ಲಿ ಸುರೀರಿ. ಅಲ್ಲೂ ಹೂವಿಲ್ಲ."

"ಹೂದೋಟ ಬೇಕಾಗುತ್ತಮ್ಮ, ನಾಳೆ ಬಿಸಿಲು ಬಂದಾಗ."

"ಓಹೋ. ನಿಮ್ಮ ತೋಟಕ್ಕೆ ಬೇರೆ ಸೂರ್ಯ ಬರ್ತಾನಾ?"

ಅಧಿಕಾರಿಯ ಕಿವಿ ಕೆಂಪಾಯಿತು. ಬಾಯಿ ತಪ್ಪಿ ಹೇಳಿಬಿಟ್ಟ: "ಹದಿನೈದು ದಿನದಲ್ಲಿ ಒಂದೇ ಒಂದು ಚಾದರ ಈ ಹಗ್ಗದ ಮೇಲೆ ಒಣಗಿಸಿ ತೋರಿಸಮ್ಮ. ಅಂಗಳದ ಸುದ್ದಿಗೇ ಬರಲ್ಲ."

ಅವಳು ಅವತ್ತೇ ಒಂದು ಚಾದರ ಹರವಿದಳು. ಮೊದಲ ದಿನ ಅದರ ಮೇಲೆ ಮಸಿ ಕೂತಿತು, ಮತ್ತೆ ಒಗೆದಳು. ಎರಡನೆಯ ದಿನ ಅದು ಹೆಪ್ಪುಗಟ್ಟಿ ಬಾಗಿಲಿನಂತೆ ನಿಂತಿತು. ಗಂಡ ಅದನ್ನು ತಟ್ಟಿ, ಒಳಗೆ ಬರಲಾ ಎಂದು ಕೇಳಿ, ಬೈಸಿಕೊಂಡ. ಹದಿನಾಲ್ಕು ದಿನ ಇದೇ ಪಾಡು. ಅವಳ ಕೈಬೆರಳುಗಳು ಬಿರಿದು ರಕ್ತ ಒಸರತೊಡಗಿತು. ಪ್ರತಿ ಬಾರಿ ಹಿಂಡುವಾಗಲೂ ಆಕಾಶದ ವಂಶವನ್ನೆಲ್ಲ ಜಾಲಾಡಿಸುತ್ತಿದ್ದಳು.

ಹದಿನೈದನೆಯ ಬೆಳಿಗ್ಗೆ ಅಧಿಕಾರಿ ಕಲ್ಲಿದ್ದಲಿನ ಗಾಡಿಯನ್ನೇ ಹಿಂದಿಟ್ಟುಕೊಂಡು ಬಂದ. ಹಗ್ಗದ ಮೇಲೆ ಹಾಲಿನಂಥ ಚಾದರ. ಮುಟ್ಟಿ ನೋಡಿದ. ಮುಖ ಇಳಿಯಿತು.

"ಒಣಗಿದೆ," ಎಂದು ಗಾಡಿಯವನ ಕಡೆ ತಿರುಗಿದ. "ನಡಿಯಪ್ಪ, ವಾಪಸ್."

ಗಂಡ ತನ್ನ ಕಾಲಿನ ಉಗುರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಗಂಜಿಯಕ್ಕ ಚಾದರದ ಅಂಚು ಹಿಡಿದು ಮೂಸಿದಳು.

"ಏನ್ರೀ ಇದು?"

"ಬೆಳಗಿನ ಜಾವ ಒಳ್ಳೆ ಗಾಳಿ ಬೀಸ್ತು ಕಣೇ."

"ಗಾಳಿ ನಾಲ್ಕು ಮಡಿಕೆ ಹಾಕಿ, ಇಸ್ತ್ರಿ ತಿಕ್ಕಿ ಹೋಯ್ತಾ?"

"ಸುಮ್ನಿರೇ, ನಿನ್ನ ಕಾಲಿಗೆ ಬೀಳ್ತೀನಿ."

ಸುಮ್ಮನಿದ್ದರೆ ಅಂಗಳ ಉಳಿಯುತ್ತಿತ್ತು. ಆದರೆ ಅವಳಿಗೆ ಆ ಹೊತ್ತಿಗೆ ಅಧಿಕಾರಿಯ ಮೇಲಾಗಲಿ, ಗಂಡನ ಮೇಲಾಗಲಿ ಸಿಟ್ಟಿರಲಿಲ್ಲ; ಇದ್ದದ್ದೆಲ್ಲ ಮೇಲಿದ್ದವನ ಮೇಲೆ.

"ನಿಲ್ಲಿ ಸ್ವಾಮಿ. ಇದು ಇಸ್ತ್ರಿಯಲ್ಲಿ ಒಣಗಿದ್ದು. ಆ ಸೂರ್ಯ ಮಾಡದ ಕೆಲಸಕ್ಕೆ ನಾನು ಅವನಿಗೆ ಹೆಸರು ಕೊಡಲ್ಲ."

ಚಾದರ ಎಳೆದು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಮತ್ತೆ ಹರವಿದಳು. ಗಂಡ ತಲೆಯ ಮೇಲೆ ಕೈ ಹೊತ್ತು ಕೂತ.

"ಹಾಗಾದ್ರೆ ಮುಗೀತಲ್ಲಮ್ಮ," ಎಂದ ಅಧಿಕಾರಿ, ಹೋದ ಜೀವ ಬಂದವನಂತೆ. ಕೈ ಎತ್ತಿದ. "ಸುರಿಯಪ್ಪ."

ಗಾಡಿಯವನು ಸುರಿಯಲಿಲ್ಲ. ಅವನ ಕಣ್ಣು ಚಾದರದ ಮೇಲಿತ್ತು. ಅಲ್ಲಿ ಮಸುಕಾಗಿ, ಬೂದಿ ಬಣ್ಣದಲ್ಲಿ, ಹೊಟ್ಟೆ ಮುಂದೆ ಬಂದ ಒಬ್ಬ ಮನುಷ್ಯ ಕೈ ಎತ್ತಿ ನಿಂತಿದ್ದ. ಅಧಿಕಾರಿ ಕೈ ಇಳಿಸಿದ. ಅದೂ ಇಳಿಸಿತು.

ಗಂಜಿಯಕ್ಕ ನಿಧಾನವಾಗಿ ಕತ್ತೆತ್ತಿದಳು. ಅಧಿಕಾರಿಯ ತಲೆಯ ಹಿಂದೆ, ಮಸಿಯ ಒಂದು ಸಂದಿಯಲ್ಲಿ, ಸವೆದ ನಾಣ್ಯದಂತೆ ಅವನು.

"ಈಗ ಬಂದ್ಯಾ?" ಎಂದಳು. ದನಿ ಏರಲಿಲ್ಲ. "ಮೂವತ್ತೇಳು ಮಕ್ಕಳ ಚಾದರ ಒಗೆದಿದೀನಿ. ಹಾಸೋಕೆ ಚಾದರ ಇದೆ, ಮಲಗೋಕೆ ಮಕ್ಕಳೇ ಇಲ್ಲ. ಈಗ ಬಂದ್ಯಾ, ನಾಚಿಕೆಗೆಟ್ಟವನೇ?"

ಆಮೇಲೆ ಒರಟು ಕೈಯಿಂದ ಮೂಗು ಒರೆಸಿಕೊಂಡು ಅಧಿಕಾರಿಯ ಕಡೆ ತಿರುಗಿದಳು.

"ನೀವು ಆ ಕಡೆ ಸರೀರಿ. ನನ್ನ ಚಾದರದ ಮೇಲೆ ನಿಮ್ಮ ನೆರಳು ಬಿದ್ದಿದೆ."

ಅವನು ಸರಿದ. ಇನ್ನೂ ಸರೀರಿ ಎಂದಳು. ಸರಿಯುತ್ತಾ ಸರಿಯುತ್ತಾ ಅವನು ಗೇಟಿನ ಆಚೆಗೇ ಹೋದ. ಗಾಡಿಯವನು ಯಾರನ್ನೂ ಕೇಳದೆ ಗಾಡಿಯನ್ನು ಬಂಗಲೆಯ ಹೂದೋಟದ ಕಡೆ ತಿರುಗಿಸಿದ.